ಅಚ್ಚಿನ ಮೊಳೆ ಕಲಿಸಿದ ಚದುರಂಗ

ಪ್ರೆಸ್ಸಿನಲ್ಲಿ ಕಂಪೋಜಿಂಗ್ ಕಲಿಯಬೇಕೆಂದು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಕಾಲಿನ ಸುದ್ದಿ. ಕಾಲು ನೋಯುತ್ತವೆ. ಮೂವತ್ತೆಂಟು ವರ್ಷ ನಿಂತು ಕೆಲಸ ಮಾಡಿದವನ ಮಾತಿದು, ಸುಮ್ಮನೆ ನಂಬಿರಿ. ಕಣ್ಣು ಹೋಗುತ್ತದೆ, ಸೀಸ ಹೊಟ್ಟೆಗೆ ಸೇರುತ್ತದೆ ಎಂದು ಹೆದರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅದೆಲ್ಲ ಆಮೇಲಿನದು. ಕಾಲಿನ ನಂತರ ಹೋಗುವುದು ಮಾತು. ದಿನಕ್ಕೆ ಹತ್ತು ತಾಸು ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸುವವನನ್ನು ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೆ ಸಾಲು ತಪ್ಪುತ್ತದೆ. ಹೀಗೆ ನಾಲ್ಕೈದು ವರ್ಷ ಕಳೆದರೆ ಸಂಜೆ ಹೊರಗೆ ಬಂದ ಮೇಲೂ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

ನಾನು ಫೋರ್ಮನ್ ಆದದ್ದು ಹೇಗೆ, ಮಾಲಕರು ಶಾಲು ಹೊದಿಸಿದ್ದು ಯಾವಾಗ, ಅದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನನ್ನ ಊರು ಹೆಬ್ಬಳ್ಳಿ, ಹೆಸರು ಫಕೀರಪ್ಪ. ಕನ್ನಡ ಸಾಲಿ ಮುಗಿಸಿ ಧಾರವಾಡಕ್ಕೆ ಬಂದು ಒಂದು ಪ್ರೆಸ್ಸಿಗೆ ಸೇರಿದೆ. ಮದುವೆಯಾದ ಎರಡನೆಯ ವರ್ಷ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಊರಿನವರು ಬಹಳ ಬೆನ್ನುಹತ್ತಿದರು. ಮನಸ್ಸಾಗಲಿಲ್ಲ. ಇರುವುದಕ್ಕೆ ಹೊಸ ಯಲ್ಲಾಪುರದಲ್ಲಿ ಒಂದು ಖೋಲಿ, ಊಟಕ್ಕೆ ಖಾನಾವಳಿ. ರವಿವಾರ ಬಂತೆಂದರೆ ನನಗೆ ಅಂಜಿಕೆ, ಏಕೆಂದರೆ ಆ ದಿನ ಕೆಲಸವೂ ಇರುತ್ತಿರಲಿಲ್ಲ.

ಕೆಲಸದ ಬಗ್ಗೆ ತಿಳಿಯದವರಿಗೆ ಒಂದು ಮಾತು. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಕಾಗದದ ಮೇಲೆ ಒತ್ತಿದಾಗ ಸರಿಯಾಗುತ್ತದೆ. ಹೊಸಬನಿಗೆ ತಲೆ ತಿರುಗುತ್ತದೆ. ಹಳಬನಿಗೆ ಮೊಳೆ ಓದುವುದೇ ಸಲೀಸು, ಕಾಗದ ಓದುವುದಕ್ಕೆ ಬೇಸರ. ಅದು ಉಲ್ಟಾ ಇದೆ ಎನ್ನುವುದೇ ಅವನಿಗೆ ನೆನಪಿರುವುದಿಲ್ಲ. ನಾನು ನಾಲ್ಕು ವರ್ಷದಲ್ಲಿ ಹಾಗೆ ಆದೆ.

ತಪ್ಪು ಮಾಡಲಿಲ್ಲವೆಂದಲ್ಲ. ಮದುವೆಯ ಕಾರ್ಡುಗಳಿಗೆ ಬೇಕಾಗುವ ಸಾಲುಗಳನ್ನು ಪದೇ ಪದೇ ಜೋಡಿಸುವುದೇಕೆಂದು ನಾವು ಕಟ್ಟಿಯೇ ಇಟ್ಟಿರುತ್ತಿದ್ದೆವು. ಒಮ್ಮೆ ಗಡಿಬಿಡಿಯಲ್ಲಿ ಒಬ್ಬ ಹಿರಿಯರ ವೈಕುಂಠ ಸಮಾರಾಧನೆಯ ಕಾರ್ಡಿನ ಕೆಳಗೆ ‘ತಮ್ಮ ಆಗಮನದಿಂದ ನಮಗೆ ಅತ್ಯಾನಂದವಾಗುವುದು’ ಎನ್ನುವ ಸಾಲು ಕೂತುಬಿಟ್ಟಿತು. ನೂರು ಕಾರ್ಡು ಹಂಚಿದ ಮೇಲೆ ಗೊತ್ತಾಯಿತು. ನಮ್ಮ ಫೋರ್ಮನ್ ಗುರಸಿದ್ದಪ್ಪ ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದು, ‘ಏನೋ ಫಕೀರ್ಯಾ, ಮುದುಕ ಸತ್ತಿದ್ದಕ್ಕ ನಿನಗ ಇಷ್ಟು ಖುಷಿ ಆಗೇತೇನು?’ ಎಂದ. ಇಡೀ ವಾರ ಆ ಸಾಲನ್ನೇ ಹೇಳಿ ಎಲ್ಲರೂ ನನ್ನನ್ನು ಕಾಡಿದರು. ಕಾಡಿದ್ದೂ ಒಂದು ಮಾತಾಡಿಸಿದ ಹಾಗಾಯಿತು ಎಂದು ನನಗೆ ಒಳಗೊಳಗೆ ಸಮಾಧಾನವಾಗಿತ್ತು.

ಅದಾದ ಕೆಲವು ತಿಂಗಳಿಗೆ ರಾಘಣ್ಣ ಮಾಸ್ತರರ ಪುಸ್ತಕ ಬಂತು. ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಶನಿವಾರ ಸಂಜೆ ವಕೀಲರ ಕ್ಲಬ್ಬಿನಲ್ಲಿ ಚದುರಂಗ ಆಡುತ್ತಿದ್ದರು, ಅಲ್ಲಿ ಅವರನ್ನು ಸೋಲಿಸುವವರು ಇರಲಿಲ್ಲ. ಹೊಸ ಪದ್ಧತಿಯ ಚದುರಂಗವನ್ನು ಕನ್ನಡದಲ್ಲಿ ಕಲಿಸುವ ಪುಸ್ತಕ ಅವರದು: ಆಟ ಶುರು ಮಾಡುವ ಬಗೆಗಳು ಒಂದು ಭಾಗ, ನಡುವೆ ಹೂಡುವ ಹೊಂಚುಗಳು ಇನ್ನೊಂದು ಭಾಗ. ಗುರಸಿದ್ದಪ್ಪ ಹಸ್ತಪ್ರತಿ ತಿರುವಿ ನೋಡಿ ನನ್ನ ಕಡೆಗೆ ನೂಕಿದ. ‘ಇದರಾಗ ಕಥಿನೂ ಇಲ್ಲ, ದೇವರೂ ಇಲ್ಲ. ನೀನಽ ಮಾಡು.’

ಚದುರಂಗದ ಕಾಯಿಗಳ ಮೊಳೆ ನಮ್ಮಲ್ಲಿ ಎಲ್ಲಿಂದ ಬರಬೇಕು? ಹಿತ್ತಾಳೆ ಪಟ್ಟಿ ಕತ್ತರಿಸಿ ಅರವತ್ತುನಾಲ್ಕು ಮನೆ ಮಾಡಿದೆ. ಮನೆಗಳಲ್ಲಿ ಅಕ್ಷರ ನಿಲ್ಲಿಸಿದೆ: ರಾಜನಿಗೆ ರಾ, ವಜೀರನಿಗೆ ವ, ಕುದುರೆಗೆ ಕು, ಒಂಟೆಗೆ ಒಂ. ಕರಿಯ ಕಾಯಿಗಳಿಗೆ ದಪ್ಪ ಅಕ್ಷರ. ಒಂದು ಚಿತ್ರ ಕಟ್ಟಲು ಅರ್ಧ ದಿನ ಹಿಡಿಯುತ್ತಿತ್ತು. ಅಷ್ಟು ಹೊತ್ತು ಒಂದರ ಮೇಲೆ ಕಣ್ಣಿಟ್ಟು ನಿಂತರೆ ಕುತೂಹಲ ಹುಟ್ಟದೆ ಇರುತ್ತದೆಯೇ? ಹೆಬ್ಬಳ್ಳಿಯ ಚಾವಡಿಯಲ್ಲಿ ಹಿರಿಯರು ದೇಶಿ ಚದುರಂಗ ಆಡುವುದನ್ನು ಕಂಡಿದ್ದೆ. ಬಣ್ಣವಿಲ್ಲದ ಬಟ್ಟೆಯ ಹಾಸು, ಕಾಲಾಳು ಪ್ಯಾದೆಗೆ ಒಂದೇ ಮನೆಯ ನಡೆ. ಇಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ಹಾರುತ್ತಿತ್ತು, ರಾಜ ಆನೆಯ ಪಕ್ಕಕ್ಕೆ ಹೋಗಿ ಕೋಟೆ ಕಟ್ಟುತ್ತಿದ್ದ. ರದ್ದಿ ಕಾಗದದ ಹಿಂದೆ ಮನೆಗಳನ್ನು ಗೆರೆ ಎಳೆದು, ಸವೆದ ಕಟ್ಟಿಗೆಯ ಅಕ್ಷರಗಳನ್ನೇ ಕಾಯಿ ಮಾಡಿಕೊಂಡು, ಪುಟ ಕಟ್ಟುವ ಕಲ್ಲಿನ ಮೇಲೆ ಮೊಳೆಯಲ್ಲಿ ಹೇಗೆ ಕಂಡಿತ್ತೋ ಹಾಗೆಯೇ ಖೋಲಿಯಲ್ಲಿ ಹೂಡಿ ಒಬ್ಬನೇ ಆಡತೊಡಗಿದೆ.

ಒಂದು ದಿನ ಹಸ್ತಪ್ರತಿಯಲ್ಲಿ ಒಂದು ನಡೆ ಸಾಧ್ಯವಿಲ್ಲದ್ದು ಎಂದು ಕಂಡಿತು. ತಿದ್ದುವುದಕ್ಕೆ ಮಾಸ್ತರರಿಗೆ ಹೋಗುವ ಪ್ರೂಫಿನ ಅಂಚಿನಲ್ಲಿ ಸಣ್ಣಗೆ ಬರೆದೆ: ‘ಈ ಕುದುರೆಯ ದಾರಿಯ ಕೊನೆಯಲ್ಲಿ ತಮ್ಮದೇ ಪ್ಯಾದೆ ಇದೆ.’ ಎರಡು ದಿನಕ್ಕೆ ಪ್ರೂಫು ತಿದ್ದಿಕೊಂಡು ಮರಳಿ ಬಂತು. ನನ್ನ ಬರಹದ ಕೆಳಗೆ ಮಾಸ್ತರರ ಅಕ್ಷರ: ‘ಹೌದು, ತಪ್ಪಾಗಿತ್ತು. ಆಡಲು ಬರುತ್ತದೆಯೇ? ನನ್ನ ನಡೆ: ರಾಜನ ಪ್ಯಾದೆ ನಾಲ್ಕನೆಯ ಮನೆಗೆ.’ ನಾನು ಕರಿಯ ಕಾಯಿಯಿಂದ ಉತ್ತರ ಬರೆದು ಮುಂದಿನ ಪ್ರೂಫು ಕಳಿಸಿದೆ.

ಆಟ ಶುರುವಾದದ್ದು ಹೀಗೆ. ವಾರಕ್ಕೆ ಎರಡು ಪ್ರೂಫು, ಎರಡು ನಡೆ. ಅವರ ಮುಖ ನಾನು ನೋಡಿರಲಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಪ್ರೂಫು ಬರುವ ದಿನ ನಾನು ಬೆಳಿಗ್ಗೆ ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ನಗಬೇಡಿರಿ. ನನಗೆಂದು ಬರೆದ ಒಂದು ಸಾಲು ಇಡೀ ಧಾರವಾಡದಲ್ಲಿ ಅದೊಂದೇ ಇತ್ತು.

ಮೊದಲ ಆಟದಲ್ಲಿ ಅವರ ಪುಸ್ತಕದ ನಡೆಗಳನ್ನೇ ಬಾಯಿಪಾಠ ಮಾಡಿ ಅವರಿಗೇ ಒಪ್ಪಿಸಿದೆ. ಎಂಟನೆಯ ನಡೆಗೆ ಅವರು ಪುಸ್ತಕದಲ್ಲಿಲ್ಲದ ನಡೆಯೊಂದನ್ನು ಬರೆದು ಕೆಳಗೆ ಸೇರಿಸಿದ್ದರು: ‘ಪುಸ್ತಕಾ ಮುಗೀತು. ಇನ್ನ ಆಟಾ.’ ನನ್ನ ಕೈ ಅಲ್ಲಿಯೇ ನಿಂತಿತು. ಎರಡು ತಿಂಗಳು ಎಳೆದಾಡಿ ಸೋತೆ. ಸೋತ ಪ್ರೂಫಿನಲ್ಲಿ, ‘ಇನ್ನ ಮ್ಯಾಲೆ ನಡಿ ಜೋಡಿ ಅದನ್ನ ಯಾಕ ನಡದ್ರಿ ಅನ್ನೂದನ್ನೂ ಬರೀರಿ. ಎರಡು ಶಬ್ದ ಸಾಕು’ ಎಂದಿತ್ತು. ಅಂದಿನಿಂದ ‘ಕುದುರೆಗೆ ದಾರಿ’, ‘ಒಂಟೆಗೆ ಗಾಳಿ’ ಎಂದು ಬರೆದೆ. ಕೆಲವು ಸಲ ಖರೇ ಹೇಳಬೇಕೆಂದು ‘ಹೆದರಿ’ ಎಂದು ಬರೆದೆ. ಅದಕ್ಕೆ ಅವರು ‘ಯಾರಿಗೆ?’ ಎಂದು ಕೇಳಿದರು. ಕೂತು ನೋಡಿದರೆ ಹೆದರುವಂಥದ್ದು ಏನೂ ಇರಲಿಲ್ಲ.

ಆಟ ಶುರು ಮಾಡುವ ನಡೆಗಳನ್ನು ಉರುಹೊಡೆದು ಯಾರೂ ಆಟಗಾರರಾಗುವುದಿಲ್ಲ. ಇದು ಮಾಸ್ತರರ ಪಾಠ. ಮೊದಲು ಕಾಯಿಗಳನ್ನು ಮನೆಯಿಂದ ಹೊರಗೆ ತಾ, ನಡುವಿನ ಮನೆಗಳ ಮೇಲೆ ಹಿಡಿತ ಇಡು, ರಾಜನನ್ನು ಲಗೂ ಕೋಟೆಯೊಳಗೆ ಸೇರಿಸು. ಇಷ್ಟು ಏಕೆಂದು ತಿಳಿದವನಿಗೆ ನಡೆಗಳು ತಾವೇ ನೆನಪಾಗುತ್ತವೆ. ಆಮೇಲೆ ಹೊಂಚುಗಳು. ಒಂದೇ ಕುದುರೆ ಎರಡು ಕಾಯಿಗಳ ಮೇಲೆ ಒಟ್ಟಿಗೆ ಬೀಳುವುದು. ಹಿಂದೆ ರಾಜ ನಿಂತಿದ್ದಾನೆಂದು ಮುಂದಿನ ಕಾಯಿ ಕದಲದಂತೆ ಒಂಟೆ ಅದನ್ನು ದೂರದಿಂದಲೇ ಕಟ್ಟಿಹಾಕುವುದು. ರಾಜನ ಒಂಟೆಯ ಮುಂದಿನ ಪ್ಯಾದೆಯನ್ನು ಮೊದಮೊದಲು ರಾಜನೊಬ್ಬನೇ ಕಾಯುತ್ತಾನೆ, ಹೊಡೆತ ಬೀಳುವುದು ಅಲ್ಲಿಗೇ. ಇಂಥ ಗಂಟುಗಳನ್ನು ಅವರು ದಿನಕ್ಕೆರಡು ಬಿಡಿಸಿರಿ ಎಂದಿದ್ದರು. ಕೈ ಅಕ್ಷರ ಹೆಕ್ಕುತ್ತಿರುವಾಗ ನಾನು ತಲೆಯಲ್ಲಿ ಅವನ್ನು ಬಿಡಿಸುತ್ತಿದ್ದೆ. ಎರಡನೆಯ ಆಟ ಸಮ ಆಯಿತು. ಮೂರನೆಯದರಲ್ಲಿ ಆ ಪ್ಯಾದೆಯ ಮೇಲೆ ಅವರು ಎರಡು ಸಲ ಏರಿಬಂದರು, ಎರಡು ಸಲವೂ ತಡೆದೆ, ಕೊನೆಗೆ ಗೆದ್ದೆ. ಮರಳಿ ಬಂದ ಪ್ರೂಫಿನಲ್ಲಿ ಎರಡೇ ಮಾತು: ‘ಸೋತೆ. ತಾವು ಯಾರು?’

‘ಫಕೀರಪ್ಪ. ಎರಡನೆಯ ಕೇಸು’ ಎಂದು ಬರೆದೆ. ಕೇಸು ಎಂದರೆ ಮೊಳೆ ಇಡುವ ಖಾನೆಗಳ ಪೆಟ್ಟಿಗೆ, ನಾನು ನಿಲ್ಲುತ್ತಿದ್ದದ್ದು ಎರಡನೆಯದರ ಮುಂದೆ.

ನಾಲ್ಕನೆಯ ಆಟ ನಡೆದಿರುವಾಗ ನನಗೆ ಚಳಿಜ್ವರ ಬಂತು. ನಾಲ್ಕು ದಿನ ಖೋಲಿಯಲ್ಲೇ ಬಿದ್ದುಕೊಂಡೆ. ಆ ಹೊತ್ತಿಗೆ ಬಂದ ಪ್ರೂಫನ್ನು ಗುರಸಿದ್ದಪ್ಪ ತಾನೇ ತಿದ್ದಿದ. ಅಂಚಿನಲ್ಲಿ ಬರೆದದ್ದೆಲ್ಲ ತಿದ್ದುಪಡಿ ಎನ್ನುವುದು ಅವನ ಧರ್ಮ, ಅದರಲ್ಲಿ ಅವನ ತಪ್ಪಿಲ್ಲ. ಕುದುರೆಯ ಪಾಠದ ನಡುವೆ ಒಂದು ಸಾಲು ಸೇರಿ ಪುಟ ಅಚ್ಚಾಗಿಯೇ ಹೋಯಿತು: ‘ವಜೀರ ರಾಜನ ಆನೆಯ ಐದನೆಯ ಮನೆಗೆ. ಹೆದರಬ್ಯಾಡ್ರಿ ಫಕೀರಪ್ಪನವರ, ನಿಮಗಿನ್ನೂ ಉಸರು ಅದ.’

ಮಾಲಕರು ಕರೆಸಿದರು. ಮಾಸ್ತರರೂ ಅಲ್ಲಿಯೇ ಕುರ್ಚಿಯ ಮೇಲೆ ಕೂತಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಬಡಕಲು ಮನುಷ್ಯ, ತಲೆಗೆ ರುಮಾಲು, ದಪ್ಪ ಕನ್ನಡಕ. ‘ತಪ್ಪು ನಂದದ, ಅವರನ್ನ ಬೈಬ್ಯಾಡ್ರಿ’ ಎಂದು ಅವರು ಅಂದರೂ ಮಾಲಕರು ಬೈದರು. ಒಂದೇ ಹಾಳೆಯ ಎಂಟು ಪುಟ ಮತ್ತೆ ಅಚ್ಚಾಗಬೇಕಿತ್ತು, ಬೈಯದೆ ಏನು ಮಾಡುತ್ತಾರೆ? ಅಂಚಿನಲ್ಲಿ ಇನ್ನು ಮೇಲೆ ಒಂದಕ್ಷರ ಹೆಚ್ಚಿಗೆ ಕಾಣಕೂಡದೆಂದು ಹುಕುಂ ಆಯಿತು. ಹೊರಗೆ ಬರುವಾಗ ಮಾಸ್ತರರು ಬಾಗಿಲ ಹತ್ತಿರ ನಿಂತು, ‘ರವಿವಾರ ಮಾಳಮಡ್ಡಿಗೆ ನಮ್ಮ ಮನಿಗೆ ಬರ್ರಿ, ಎದುರಾಬದುರು ಕೂಡೂಣು’ ಎಂದರು. ರವಿವಾರ ಬರುವವರೆಗಿನ ನಾಲ್ಕು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ರವಿವಾರ ಬಟ್ಟೆ ಒಗೆದು ಉಟ್ಟುಕೊಂಡು ಹೋದೆ. ಮನೆಯಲ್ಲಿ ಮಾಸ್ತರರು ಮತ್ತು ಅವರ ವಿಧವೆ ತಂಗಿ ಅಂಬಕ್ಕ, ಇಬ್ಬರೇ. ಅಂಬಕ್ಕ ನನಗೆ ಪಡಸಾಲೆಯಲ್ಲಿ ಬೇರೆ ತಂಬಿಗೆಯಲ್ಲಿ ನೀರು ಕೊಟ್ಟರು. ಆ ಕಾಲ ಹಾಗಿತ್ತು. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅವತ್ತು ನನ್ನ ಕಣ್ಣು ಹಲಗೆಯ ಮೇಲಿತ್ತು. ಕರಿ ಬಿಳಿ ಮನೆಗಳ ಕಟ್ಟಿಗೆಯ ಹಲಗೆ, ಕಡೆದ ಕಾಯಿಗಳು. ಬಿಳಿಯದು ನನಗೆ ಬಂತು. ಕಾಯಿ ಹೂಡಿದೆ.

‘ರಾಜಾ ವಜೀರ ಅದಲಾಬದಲಿ ಆದ್ವಲ್ರೀ’ ಎಂದು ಅವರು ತಾವೇ ಸರಿಮಾಡಿದರು. ನಾನು ನಾಚಿಕೊಂಡು ಮೊದಲ ನಡೆ ನಡೆದೆ.

ಹತ್ತು ನಡೆಯೊಳಗೆ ನನಗೆ ದಿಕ್ಕು ತಪ್ಪಿತು. ಎಲ್ಲವೂ ಗೊತ್ತಿದ್ದದ್ದೇ, ಆದರೆ ಯಾವುದೂ ಅದರ ಜಾಗದಲ್ಲಿ ಇರಲಿಲ್ಲ. ಎಡಕ್ಕೆ ಕಾಯಬೇಕೆಂದು ಕೈ ಹೋಗುತ್ತಿತ್ತು, ಹೊಡೆತ ಬಲದಿಂದ ಬರುತ್ತಿತ್ತು. ಪ್ರೂಫಿನಲ್ಲಿ ಎರಡು ಸಲ ನಾನೇ ತಡೆದಿದ್ದ ಹೊಡೆತದಿಂದಲೇ ಹದಿಮೂರನೆಯ ನಡೆಗೆ ಸೋತೆ. ಮತ್ತೆ ಹೂಡಿದೆವು. ಈ ಸಲ ಇನ್ನೂ ಲಗೂ ಸೋತೆ.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಸಿಟ್ಟಿಲ್ಲದ ದನಿಯಲ್ಲೇ ಕೇಳಿದರು, ‘ಫಕೀರಪ್ಪನವರ, ಬ್ಯಾಸರಾ ಮಾಡಿಕೋಬ್ಯಾಡ್ರಿ. ಪ್ರೂಫಿನ್ಯಾಗ ಆಡತಿದ್ದವರು ನೀವಽ ಹೌದಿಲ್ಲೋ? ಬ್ಯಾರೆ ಯಾರರೆ ಹೇಳಿಕೊಡತಿದ್ರೇನು?’

‘ಇಲ್ರೀ, ನಾನಽ’ ಎಂದೆ. ಏಕೆ ಸೋತೆನೆಂದು ನನಗೇ ತಿಳಿದಿರಲಿಲ್ಲ. ಅವರು ‘ಆತು ಆತು’ ಎಂದು ಕಾಯಿಗಳನ್ನು ಡಬ್ಬಿಗೆ ಹಾಕಿದರು. ಮುಂದಿನ ರವಿವಾರ ಬರ್ರಿ ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಮಾತಿಗೆ ಸಿಕ್ಕ ಒಬ್ಬರೇ ಒಬ್ಬರು ನನ್ನನ್ನು ಸುಳ್ಳನೆಂದು ತಿಳಿದರೆಂದು ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಖೋಲಿಗೆ ಬಂದು ಅತ್ತೆ.

ಮೂರು ವಾರ ಹೋಗಲಿಲ್ಲ. ನಾಲ್ಕನೆಯ ವಾರ ಪುಸ್ತಕದ ಕೊನೆಯ ಪುಟಗಳ ಮೊಳೆ ಬಿಚ್ಚಿ ಕೇಸಿಗೆ ಹಾಕುವ ಕೆಲಸ ಬಂತು. ಕಲ್ಲಿನ ಮೇಲೆ ಮೊಳೆಯ ಚಿತ್ರ, ಪಕ್ಕದಲ್ಲೇ ಅದೇ ಪುಟದ ಅಚ್ಚಾದ ಕಾಗದ. ಮೊಳೆಯಲ್ಲಿ ಬಿಳಿಯ ರಾಜ ವಜೀರನ ಎಡಕ್ಕೆ, ಕಾಗದದ ಮೇಲೆ ಬಲಕ್ಕೆ. ನಾನು ಎರಡರ ಮೇಲೂ ಒಂದೊಂದು ಕೈ ಇಟ್ಟು ನಿಂತುಬಿಟ್ಟೆ. ಅಕ್ಷರ ಉಲ್ಟಾ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ ನನಗೆ, ಚಿತ್ರವೂ ಉಲ್ಟಾ ಆಗುತ್ತದೆಂದು ಒಮ್ಮೆಯೂ ಅನಿಸಿರಲಿಲ್ಲ. ಇಡೀ ಚದುರಂಗವನ್ನು ನಾನು ಕನ್ನಡಿಯೊಳಗಿನಿಂದ ಕಲಿತಿದ್ದೆ. ‘ರಾಜನ ಪ್ಯಾದೆ’, ‘ವಜೀರನ ಕುದುರೆ’ ಎಂದು ಬರೆದು ಆಡುವಾಗ ಎಡ ಬಲದ ಹೆಸರೇ ಬರುವುದಿಲ್ಲ, ಹಾಗಾಗಿ ಇಬ್ಬರಿಗೂ ಗೊತ್ತಾಗಿರಲಿಲ್ಲ. ಬಲಗಡೆಯ ಮೂಲೆಯಲ್ಲಿ ಬಿಳಿ ಮನೆ ಬರಬೇಕೆಂಬ ವಾಕ್ಯವನ್ನು ನನ್ನ ಕೈಯೇ ಜೋಡಿಸಿತ್ತು. ನನ್ನ ಹಾಸಿನಲ್ಲಿ ಬಣ್ಣವೇ ಇರಲಿಲ್ಲ, ಆ ಮಾತು ನನಗೆ ಸಂಬಂಧಿಸಿದ್ದೆಂದು ಅನಿಸಲಿಲ್ಲ.

ಮೊಳೆಯ ಚಿತ್ರವನ್ನು ಬಿಚ್ಚದೆ ದಾರದಿಂದ ಬಿಗಿದು, ಟವೆಲಿನಲ್ಲಿ ಸುತ್ತಿಕೊಂಡು ರವಿವಾರ ಮಾಳಮಡ್ಡಿಗೆ ಹೋದೆ. ಮಾಸ್ತರರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಬೆರಳಿನಿಂದ ಸವರಿದರು.

‘ಇದನ್ನ ನೋಡಿ ಕಲತ್ರಿ?’

‘ಹೌದ್ರಿ.’

ಅವರು ನಗಲಿಲ್ಲ. ಹಲಗೆಯನ್ನು ಕಾಲು ಸುತ್ತು ತಿರುಗಿಸಿ ಕರಿ ಮನೆಯನ್ನು ಬಲಮೂಲೆಗೆ ತಂದರು. ತಮ್ಮ ರಾಜ ವಜೀರರನ್ನು ಅದಲುಬದಲು ಮಾಡಿದರು, ನನ್ನವನ್ನೂ ಮಾಡಿದರು. ‘ಆಟ ಅದಽ ಅದ. ನಡೀರಿ’ ಎಂದರು. ಈ ಸಲ ಅವರ ಕೈ ತಡವರಿಸಿತು. ಊಟದ ಹೊತ್ತು ಮೀರಿ, ಅಂಬಕ್ಕ ಎರಡು ಸಲ ಕರೆದು ಹೋದ ಮೇಲೆ, ಅವರ ರಾಜ ಸಿಕ್ಕಿಬಿದ್ದ. ಮಾಸ್ತರರು ಹಲಗೆ ನೋಡಿ ತಲೆ ಎತ್ತಿದರು.

‘ಹೌದು. ಪ್ರೂಫಿನ್ಯಾಗ ಇದ್ದಾಂವ ನೀನಽ.’ ನೀವು ಹೋಗಿ ನೀನು ಆಗಿದ್ದೆ. ಅವತ್ತಿನಿಂದ ಕೊನೆಯವರೆಗೂ ಹಾಗೆಯೇ ಕರೆದರು.

ಆಮೇಲೆ ರವಿವಾರಕ್ಕೆ ನಾನು ಅಂಜಲಿಲ್ಲ. ವರ್ಷಗಟ್ಟಲೆ ಹೋದೆ. ಹಲಗೆ ಯಾವಾಗಲೂ ನನ್ನ ರೀತಿಯಲ್ಲೇ ಹೂಡಿರುತ್ತಿತ್ತು. ಮೊದಲೆರಡು ವರ್ಷ ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ, ನಂತರ ಅವರು ಹಿಡಿತಕ್ಕೆ ತಂದುಕೊಂಡರು. ಅಷ್ಟು ದೊಡ್ಡ ಆಟಗಾರರಿಗೆ ಇದೇನು ಮಹಾ ಎಂದುಕೊಂಡಿದ್ದೆ. ಮುಂದೆ ಎರಡನೆಯ ಮಹಾಯುದ್ಧದ ಲಡಾಯಿ ಶುರುವಾಗಿ ಕಾಗದ ಸಿಗದಂತಾಯಿತು, ಪ್ರೆಸ್ಸು ವಾರದಲ್ಲಿ ಮೂರೇ ದಿನ ನಡೆಯಿತು. ಮಾಸ್ತರರ ಕಣ್ಣಿಗೆ ಪೊರೆ ಬಂದು ಕಾಯಿಗಳನ್ನು ಮುಟ್ಟಿ ಮುಟ್ಟಿ ಆಡುತ್ತಿದ್ದರು.

ಒಂದು ರವಿವಾರ ನಾನು ಹೋದಾಗ ಅವರು ಸ್ನಾನಕ್ಕೆ ಹೋಗಿದ್ದರು. ಅಂಬಕ್ಕ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದರು. ಮಾತಿಗೆಂದು, ‘ಕಣ್ಣು ಹಿಂಗಾದ ಮ್ಯಾಲೆ ಶನಿವಾರ ಕ್ಲಬ್ಬಿಗೆ ಹೆಂಗ ಹೋಗ್ತಾರ್ರಿ ಅಕ್ಕಾರ?’ ಎಂದೆ.

‘ಅಯ್ಯ, ಕ್ಲಬ್ಬು ಬಿಟ್ಟು ಆರು ವರ್ಷ ಆತಲ್ಲಪಾ. ನಿನಗ ಹೇಳಿಲ್ಲೇನು?’

‘ಕಣ್ಣು ಆಗ ಛಲೋ ಇದ್ದೂವಲ್ರೀ?’

‘ಕಣ್ಣಿಂದಲ್ಲ. ಅಲ್ಲೆ ಕೈ ತಪ್ಪಲಿಕ್ಕೆ ಹತ್ತಿತ್ತಂತ. ಇಲ್ಲೆ ನಿನ್ನ ಜೋಡಿ ಒಂದು ನಮೂನಿ, ಅಲ್ಲೆ ಒಂದು ನಮೂನಿ. ನಿನ್ನೆ ಮೊನ್ನೆ ಕಲತ ವಕೀಲ್ರ ಮುಂದ ಸೋತು ಬಂದ. ಮಾಸ್ತರಗ ಅರುಳು ಮರುಳು ಅಂದ್ರಂತ.’ ಅಂಬಕ್ಕ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದರು. ‘ನಾ ಅಂದೆ, ಆ ಹುಡುಗಗ ಸರಿ ಆಟಾ ಕಲಿಸಬಾರದೇನು ಅಂತ. ಅದಕ್ಕ ಏನಂದ ಗೊತ್ತೇನು? ಅವರಿಗೆ ಹತ್ತು ಮಂದಿ ಇದ್ದಾರ, ಅಂವಗ ಯಾರಿದ್ದಾರ ಅಂದ.’

ನನಗೆ ಆಗ ಮೂವತ್ತು ದಾಟಿತ್ತು ಅಷ್ಟೇ. ಅವರಿಗೆ ಅರವತ್ತು ಮೀರಿತ್ತು. ಒಂದು ತಿಂಗಳು ಕಷ್ಟಪಟ್ಟಿದ್ದರೆ ನಾನೇ ಸರಿಯಾಗಿ ಕಲಿಯಬಹುದಾಗಿತ್ತು. ಅದು ನನಗೆ ಹೊಳೆಯಲೇ ಇಲ್ಲ ಎಂದು ಬರೆದರೆ ಓದುವವರು ನಂಬಿಯಾರು. ಹೊಳೆದಿತ್ತು. ಗೆಲ್ಲುವುದು ರುಚಿಸಿತ್ತು, 'ಮುಂದಿನ ವಾರ' ಎಂದು ಬಿಟ್ಟಿದ್ದೆ. ಆ ದಿನ ಹೇಗೆ ಆಡಿದೆನೋ ನೆನಪಿಲ್ಲ.

ಪ್ರೆಸ್ಸಿನಲ್ಲಿ ಕೆಲಸ ಕಡಿಮೆ ಇತ್ತು. ಪುಸ್ತಕದ ಅಚ್ಚಾದ ಪ್ರತಿ ಮುಂದಿಟ್ಟುಕೊಂಡು, ಬಣ್ಣದ ಮನೆಗಳ ಹಾಸು ಮಾಡಿಕೊಂಡು, ಮೊದಲ ಪಾಠದಿಂದ ಎಲ್ಲವನ್ನೂ ತಿರುಗಿ ಕಲಿತೆ. ಒಂದು ತಿಂಗಳೂ ಬೇಕಾಗಲಿಲ್ಲ, ಇಪ್ಪತ್ತೆರಡು ದಿನ ಸಾಕಾದವು. ಅದಾದ ಮೇಲಿನ ರವಿವಾರ ಮಾಸ್ತರರು ಬರುವುದರೊಳಗೆ ಹಲಗೆಯನ್ನು ಸರಿಯಾಗಿ ತಿರುಗಿಸಿ, ರಾಜ ವಜೀರರನ್ನು ಅವರವರ ಮನೆಯಲ್ಲಿ ನಿಲ್ಲಿಸಿ ಕೂತೆ.

ಅವರು ಕೂತು ಬೆರಳಿನಿಂದ ಸಾಲು ಸವರಿದರು. ರಾಜನ ಮೇಲೆ ಕೈ ನಿಂತಿತು.

‘ಅಂಬಕ್ಕ ಹೇಳಿದಳೇನು?’

‘ನನಗ ಈಗ ಹಿಂಗ ಆಡಾಕ ಬರತೈತ್ರಿ ಮಾಸ್ತರ.’

‘ಛಲೋ ಆತು’ ಎಂದು ಅವರು ಪ್ಯಾದೆ ನಡೆದರು. ನಾಲ್ಕನೆಯ ನಡೆಗೆ ಅವರ ಕೈ ಎಡಕ್ಕೆ ಹೋಯಿತು, ತಡೆದು ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಕೋಟೆ ಕಟ್ಟಲೆಂದು ರಾಜನನ್ನು ಎತ್ತಿ ಎಲ್ಲಿ ಇಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದರು. ಒಂಬತ್ತನೆಯ ನಡೆಗೆ ಅವರ ವಜೀರ ನನ್ನ ಕುದುರೆಯ ಬಾಯಿಗೆ ಬಂದ. ನಾನು ಹೊಡೆಯಲಿಲ್ಲ, ಬೇರೆ ಪ್ಯಾದೆಯೊಂದನ್ನು ಸರಿಸಿದೆ. ಕಣ್ಣು ಕಾಣದಿದ್ದರೂ ಅವರಿಗೆ ಅದು ಗೊತ್ತಾಯಿತು.

‘ಇದು ಇನ್ನ ನನಗ ಬರೂದಿಲ್ಲ, ಫಕೀರಪ್ಪ’ ಎಂದರು. ‘ನೀ ಶನಿವಾರ ಕ್ಲಬ್ಬಿಗೆ ಹೋಗು. ನಾ ಹೇಳಿದೆ ಅಂತ ಹೇಳು, ಆಡಸ್ತಾರ. ಒಳ್ಳೆ ಮಂದಿ ಇದ್ದಾರ ಅಲ್ಲೆ.’

ಹಲಗೆ ತಿರುಗಿಸಿ ಕಾಯಿಗಳನ್ನು ಮೊದಲಿನ ಹಾಗೆ, ನಾನು ತಪ್ಪು ಕಲಿತ ಹಾಗೆ, ಹೂಡಿದೆ. ಅವತ್ತು ಅವರು ಗೆದ್ದರು. ಮುಂದೆ ನಾಲ್ಕು ವರ್ಷ, ಅವರು ಇರುವವರೆಗೂ, ನಾವು ಹಾಗೆಯೇ ಆಡಿದೆವು.

ಸರಿಯಾದ ಆಟ ನನಗೆ ಈಗಲೂ ಬರುತ್ತದೆ. ಓಣಿಯ ಮಂದಿ ಕಟ್ಟೆಯ ಮೇಲೆ ಹಲಗೆ ಹಾಸಿಕೊಂಡು, ‘ಕಾಕಾ, ನಿಮಗ ಬರತೈತೇನ್ರಿ?’ ಎಂದು ಒಮ್ಮೊಮ್ಮೆ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.